ಅಗಸೆ ಬೀಜ ತೊಳೆಯಬೇಡಿ, ಹದವಾಗಿ ಹುರಿಯಿರಿ

ಈಗಿನ ಹುಡುಗಿಯರು ಅಗಸೆ ಬೀಜವನ್ನು ಹಸಿಯಾಗಿ ಒಂದು ಚಮಚ ಬಾಯಿಗೆ ಹಾಕಿಕೊಂಡು ನೀರು ಕುಡಿದುಬಿಡುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಅದರ ಸಿಪ್ಪೆ ಗಟ್ಟಿ. ಇಡೀ ಕಾಳು ಹೇಗೆ ಹೋಯಿತೋ ಹಾಗೇ ಆಚೆ ಬರುತ್ತದೆ. ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇರುವುದು ಒಳಗಿನ ಎಣ್ಣೆಯಲ್ಲಿ, ಪುಡಿ ಮಾಡಿದರೇನೇ ಅದು ಮೈಗೆ ಹತ್ತುವುದು.

ಇನ್ನು ಕೆಲವರು ಅಕ್ಕಿ ತೊಳೆದ ಹಾಗೆ ತೊಳೆಯುತ್ತಾರೆ! ನೀರು ಸೋಕಿದರೆ ಸಾಕು, ಲೋಳೆ ಬಿಡುತ್ತದೆ. ಹೊಟ್ಟೆಯೊಳಗೆ ಆ ಲೋಳೆ ಒಳ್ಳೆಯದೇ, ಮಲಬದ್ಧತೆ ಇರುವವರಿಗೆ ಸಲೀಸಾಗುತ್ತದೆ. ಆದರೆ ಅಂಟಂಟಾದ ಕಾಳನ್ನು ಹುರಿಯುವುದು ಹೇಗೆ? ಮೊರದಲ್ಲಿ ಕೇರಿ, ಕಲ್ಲುಕಡ್ಡಿ ಆರಿಸಿ, ಒಣಬಟ್ಟೆಯಲ್ಲಿ ಉಜ್ಜಿದರೆ ಆಯಿತು.

ನಮ್ಮ ಹಾಸನದ ಕಡೆ ಮೊದಲಿಂದಲೂ ಹುಚ್ಚೆಳ್ಳು ಚಟ್ನಿಯೇ. ನನಗೆ ಅಗಸೆಯ ರುಚಿ ಹತ್ತಿಸಿದವರು ಪಕ್ಕದ ಮನೆಗೆ ವರ್ಗವಾಗಿ ಬಂದ ಧಾರವಾಡದ ಅಕ್ಕ. ಅಗಸೆ ಚಟ್ನಿಪುಡಿಗೆ ಅವರು ಅಗಸಿ ಹಿಂಡಿ ಅನ್ನುತ್ತಿದ್ದರು. ಹುರಿಯುವಾಗ ನಾನು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ, ಕಿವಿಯೆಲ್ಲ ಬಾಣಲೆ ಕಡೆಗೆ.

ಗುಟ್ಟು ಇರುವುದೇ ಆ ಸದ್ದಿನಲ್ಲಿ. ದಪ್ಪ ತಳದ ಬಾಣಲೆ ಕಾಯಿಸಿ, ಉರಿ ತೀರಾ ಸಣ್ಣ ಮಾಡಿ. ಎಣ್ಣೆ ಬೇಡ. ತಳ ಮುಚ್ಚುವಷ್ಟು, ಒಂದು ಹಿಡಿ ಮಾತ್ರ ಹಾಕಿ. ಜಾಸ್ತಿ ಸುರಿದರೆ ಕೆಳಗಿನದು ಸೀಯುತ್ತದೆ, ಮೇಲಿನದು ಹಸಿಯಾಗೇ ಉಳಿಯುತ್ತದೆ. ಕೈಬಿಡದೆ ಆಡಿಸಿ. ಮೊದಲು ಅಲ್ಲೊಂದು ಇಲ್ಲೊಂದು ಚಟ್ ಅನ್ನುತ್ತದೆ, ಆಮೇಲೆ ಒಂದೇ ಸಮನೆ ಚಟಪಟ. ಅದು ತಗ್ಗಲು ಶುರುವಾದ ಗಳಿಗೆಯಲ್ಲೇ ಅಗಲ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ, ಬಾಣಲೆಯಲ್ಲೇ ಬಿಟ್ಟು ಫೋನ್ ನೋಡಲು ಹೋಗಬೇಡಿ, ತಳದ ಕಾವಿಗೇ ಕಹಿಯಾಗುತ್ತದೆ. ಎರಡು ಕಾಳು ಕಡಿದು ನೋಡಿ. ಕರಕರ ಅಂದರೆ ಹದ. ಹಲ್ಲಿಗೆ ಅಂಟಿದರೆ ಇನ್ನೂ ಆಗಿಲ್ಲ.

ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಬಿಸಿ ಇದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜಾರ್ ಒಣಗಿರಲಿ. ತೊಳೆದ ಜಾರನ್ನು ಬೋರಲು ಹಾಕುವ ಅಭ್ಯಾಸವೇ ಹೋಗಿದೆ, ಬ್ಲೇಡಿನ ಬುಡದಲ್ಲಿ ನೀರು ನಿಂತು ನಾರುತ್ತದೆ, ಅದೂ ನಮ್ಮ ಮಳೆಗಾಲದಲ್ಲಿ! ಚಟ್ನಿಪುಡಿಗೆ ಹಾಕುವ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಚೂರು ಹುಣಸೆ, ಉಪ್ಪು ನಿಮಗೆ ಗೊತ್ತಿರುವುದೇ. ಬಿಸಿ ಅಕ್ಕಿ ರೊಟ್ಟಿಗೆ ತುಪ್ಪದ ಜೊತೆ ಹಚ್ಚಿ ಕೊಡಿ, ಮಕ್ಕಳೂ ಕೇಳಿ ತಿನ್ನುತ್ತಾರೆ.

ತಿಂಗಳಿಗಾಗುವಷ್ಟು ಒಮ್ಮೆಗೇ ಮಾಡಿಡಬೇಡಿ. ಪುಡಿಯಾದ ಮೇಲೆ ಗಾಳಿ, ಬೆಳಕು, ಶಾಖಕ್ಕೆ ಅದರ ಎಣ್ಣೆ ಬೇಗ ಕೆಡುತ್ತದೆ. ವಾರಕ್ಕಾಗುವಷ್ಟು ಮಾಡಿ, ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಕಮಟು ವಾಸನೆ ಬಂದರೆ ಎಸೆಯಿರಿ.

100 ಗ್ರಾಂ ಅಗಸೆಯಲ್ಲಿ ಸುಮಾರು 27 ಗ್ರಾಂ ನಾರು ಇದೆ. ಕೊಬ್ಬು 42 ಗ್ರಾಂ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-3. ದಿನಾ ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ಹಾಗಂತ ಮಾತ್ರೆ ಬಿಡಬೇಡಿ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು, ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಇನ್ನೂ ಕಟ್ಟುತ್ತದೆ. ಬಸುರಿಯರು, ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಯಾವುದೇ ಮಾತ್ರೆಯ ಜೊತೆಗೇ ಇದನ್ನು ತಿನ್ನಬೇಡಿ. ನಾರು ಅಡ್ಡ ಬಂದು ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಒಂದೆರಡು ಗಂಟೆ ಅಂತರ ಇರಲಿ.