ಹಳೇ ಕ್ಯಾಂಪರ್ ವ್ಯಾನಿಗೆ ಎಷ್ಟು ದುಡ್ಡು ಹಾಕಬೇಕು?

ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ವ್ಯಾನ್, ಕೊಳ್ಳಬೇಕು ಅನ್ನುವ ಕನ್ನಡದವರು ಇಲ್ಲಿ ಇಂಗ್ಲೆಂಡಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಕಾರ್ನ್‌ವಾಲ್‌ಗೆ ಹೋಗಬೇಕು, ಸಮುದ್ರದ ಪಕ್ಕ ನಿಲ್ಲಿಸಿ ಉಪ್ಪಿಟ್ಟು ಮಾಡಬೇಕು. ಆಸೆ ಒಳ್ಳೆಯದೇ. ಎಡವಟ್ಟಾಗುವುದು ದುಡ್ಡಿನ ಲೆಕ್ಕದಲ್ಲಿ. ಕೈಯಲ್ಲಿ ಹದಿನೈದು ಸಾವಿರ ಪೌಂಡ್ ಇದ್ದರೆ ಹದಿನೈದು ಸಾವಿರದ ವ್ಯಾನನ್ನೇ ಹುಡುಕುತ್ತಾರೆ. ಹೊಸ ಬಣ್ಣ, ಹೂವಿನ ಪರದೆ ನೋಡಿ ಮನಸ್ಸು ಕರಗುತ್ತದೆ, ಅಲ್ಲೇ ದುಡ್ಡು ಕೊಟ್ಟು ಬರುತ್ತಾರೆ. ಮುಂದಿನ ಚಳಿಗಾಲದಲ್ಲಿ ವೆಲ್ಡರ್ ಕೆಳಗೆ ಮಲಗಿ ನೋಡಿ ಇನ್ನೊಂದು ಎಂಟು ಸಾವಿರ ಕೇಳುತ್ತಾನೆ. ವ್ಯಾನು ಟಾರ್ಪಾಲ್ ಹೊದ್ದು ಮನೆ ಮುಂದೆ ನಿಂತುಬಿಡುತ್ತದೆ. ಹೀಗಾಗದಂತೆ ಬೆಲೆ ಗೊತ್ತುಮಾಡುವುದು ಹೇಗೆ ಅಂತ ಹೇಳುತ್ತೇನೆ.

1. ಮೂರನೇ ಒಂದು ಪಾಲು ಮೊದಲೇ ಎತ್ತಿಡಿ

ಇರುವ ದುಡ್ಡೆಲ್ಲ ವ್ಯಾನಿನ ಬೆಲೆಯಲ್ಲ. ಹದಿನೈದು ಸಾವಿರ ಇದ್ದರೆ ಹತ್ತು ಸಾವಿರದ ವ್ಯಾನ್ ನೋಡಿ. ಉಳಿದ ಐದು ಸಾವಿರ ಮೊದಲ ವರ್ಷದ ರಿಪೇರಿಗೆ. ಈ ಮಾತಿನಲ್ಲಿ ನಾನು ಒಂದು ಪೌಂಡೂ ಬಿಟ್ಟುಕೊಡುವುದಿಲ್ಲ. ಸಾಲ ಮಾಡಿ ಕೊಳ್ಳುವುದಂತೂ ಬೇಡವೇ ಬೇಡ, ಯಾಕೆಂದರೆ ರಿಪೇರಿಗೂ ಆಮೇಲೆ ಸಾಲವೇ ಆಗುತ್ತದೆ.

2. ಯಾವ ಕಾಲದ್ದು ಅಂತ ತೀರ್ಮಾನಿಸಿ

ಮುಂದಿನ ಗಾಜು ಎರಡು ಭಾಗವಾಗಿರುವುದು ಸ್ಪ್ಲಿಟ್ ಸ್ಕ್ರೀನ್. 1950ರಿಂದ 1967ರವರೆಗೆ ಜರ್ಮನಿಯಲ್ಲಿ ತಯಾರಾಗಿದ್ದು. ಒಂದೇ ದೊಡ್ಡ ಗಾಜಿನದು ಬೇ ವಿಂಡೋ, 1967ರಿಂದ 1979. ಆಮೇಲಿನ ಚೌಕಾಕಾರದ್ದನ್ನು ಬ್ರಿಟನ್ನಿನಲ್ಲಿ ಟಿ25 ಅನ್ನುತ್ತಾರೆ. ಸ್ಪ್ಲಿಟ್ ಸ್ಕ್ರೀನ್ ಬೆಲೆ ಈಗ ಸಂಗ್ರಹಕಾರರ ಕೈಯಲ್ಲಿದೆ, ಸಂಸಾರಸ್ಥರು ಅದರ ಕಡೆ ಹೋಗಬಾರದು. ನನ್ನ ಆಯ್ಕೆ 1973ರಿಂದ 1979ರ ನಡುವಿನ ಬೇ ವಿಂಡೋ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುತ್ತದೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ದುಡ್ಡು ಕಡಿಮೆ ಇದ್ದರೆ ಟಿ25 ನೋಡಿ. ಒಳಗೆ ಜಾಗ ಜಾಸ್ತಿ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಬ್ರೆಜಿಲ್‌ನಲ್ಲಿ ಬೇ ವಿಂಡೋ ತಯಾರಿಕೆ 2013ರವರೆಗೂ ನಡೆಯಿತು. ಅಲ್ಲಿಂದ ತಂದಿದ್ದನ್ನು ಹಳೇ ಜರ್ಮನ್ ವ್ಯಾನಿನ ಬೆಲೆಗೆ ಮಾರಲು ನೋಡುತ್ತಾರೆ, ತಯಾರಾದ ವರ್ಷ ಕೇಳಿ ತಿಳಿದುಕೊಳ್ಳಿ.

3. ಕಾಗದ ಪತ್ರ

ಮನೆಯಿಂದ ಹೊರಡುವ ಮೊದಲೇ ನಂಬರ್ ಪ್ಲೇಟ್ ಕೇಳಿ, ಸರ್ಕಾರದ ವೆಬ್‌ಸೈಟಿನಲ್ಲಿ ಎಂಒಟಿ (ವರ್ಷಕ್ಕೊಮ್ಮೆ ಮಾಡಿಸುವ ವಾಹನ ಸುರಕ್ಷತೆ ಪರೀಕ್ಷೆ) ಚರಿತ್ರೆ ನೋಡಿ. ಪುಕ್ಕಟೆ. ತುಕ್ಕಿನ ಬಗ್ಗೆ ಹಿಂದೆ ಬರೆದ ಎಚ್ಚರಿಕೆಗಳೆಲ್ಲ ಅಲ್ಲಿ ಸಿಗುತ್ತವೆ. ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ವಾಹನಕ್ಕೆ ಎಂಒಟಿ ಕಡ್ಡಾಯವಲ್ಲ, ರಸ್ತೆ ತೆರಿಗೆಯೂ ಇಲ್ಲ. ಮಾರುವವರು ಇದನ್ನೇ ನೆಪ ಮಾಡಿಕೊಂಡು ವರ್ಷಗಟ್ಟಲೆ ಪರೀಕ್ಷೆ ಮಾಡಿಸಿರುವುದಿಲ್ಲ. ಕಡ್ಡಾಯವಲ್ಲದಿದ್ದರೂ ಮಾಡಿಸಬಹುದು. ಹೊಸ ಎಂಒಟಿ ಮಾಡಿಸಿ ಕೊಡಿ ಅಂತ ಕೇಳಿ. ಒಪ್ಪದಿದ್ದರೆ ಆ ವ್ಯಾನ್ ಬಿಟ್ಟುಬಿಡಿ.

4. ಕೆಳಗೆ ಮಲಗಿ

ಬೆಲೆ ತೀರ್ಮಾನ ಆಗುವುದು ಇಲ್ಲಿ. ಎಂಜಿನ್ ಕೆಟ್ಟರೆ ಒಂದು ದಿನದಲ್ಲಿ ಇಳಿಸಬಹುದು, ಇನ್ನೊಂದು ಕೂರಿಸಬಹುದು. ಈ ವ್ಯಾನಿಗೆ ಬೇರೆ ಚಾಸಿ ಅಂತಿಲ್ಲ, ಕೆಳಗಿನ ಉಕ್ಕಿನ ತೊಲೆಗಳು ಬಾಡಿಗೇ ಬೆಸೆದುಕೊಂಡಿವೆ. ತುಕ್ಕು ಹಿಡಿದರೆ ಇಡೀ ವ್ಯಾನಿನ ಬಲವೇ ಹೋಗುತ್ತದೆ.

ಟಾರ್ಚು, ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ, ಮೊಂಡು ಸ್ಕ್ರೂಡ್ರೈವರ್, ಹಳೇ ಚಾಪೆ ಒಯ್ಯಿರಿ. ಮಳೆ ಬರುವಾಗ ನೋಡಬೇಡಿ. ಒದ್ದೆ ಬಣ್ಣ ಎಲ್ಲವನ್ನೂ ಚೆಂದ ಕಾಣಿಸುತ್ತದೆ.

ಮೊದಲು ಬಾಗಿಲ ಕೆಳಗಿನ ಸಿಲ್. ಹೊರಗೆ ಕಾಣುವುದು ಒಂದು ಪದರ ಮಾತ್ರ. ಅದರ ಹಿಂದೆ ಇನ್ನೆರಡು ಪದರ ಇವೆ. ಒಳಗಿನದು ಪುಡಿಯಾಗಿದ್ದರೂ ಹೊರಗಿನ ತಗಡು ಮಾತ್ರ ಹೊಸದು ಹಾಕಿ ಬಣ್ಣ ಬಳಿದುಬಿಡುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು. ಪತ್ತೆ ಮಾಡುವುದು ಹೀಗೆ. ಮುಂದಿನ ಬಾಗಿಲಿಗೂ ಅದರ ಹಿಂದಿನ ಕಂಬಕ್ಕೂ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ ನೋಡಿ. ಆಮೇಲೆ ಸಿಲ್ ಕೆಳಗಿನ ಜ್ಯಾಕಿಂಗ್ ಪಾಯಿಂಟಿಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಲು ಮಾರುವವರಿಗೇ ಹೇಳಿ. ಗಟ್ಟಿ ವ್ಯಾನಿನಲ್ಲಿ ಸಂದು ಹಾಗೇ ಇರುತ್ತದೆ, ಬಾಗಿಲು ಮೊದಲಿನಂತೆ ಹಾಕಿಕೊಳ್ಳುತ್ತದೆ. ಸಂದು ಕಿರಿದಾದರೆ, ಬಾಗಿಲು ಕಚ್ಚಿಕೊಂಡರೆ, ಜ್ಯಾಕ್ ಇಟ್ಟ ಜಾಗ ಕರಕರ ಅಂತ ಒಳಗೆ ಹೋದರೆ, ಮೂರೂ ಪದರ ಹೋಗಿದೆ ಅಂತ ಲೆಕ್ಕ ಹಾಕಿ. ಜ್ಯಾಕ್ ಮೇಲಿರುವಾಗ ಮಾತ್ರ ಯಾವ ಕಾರಣಕ್ಕೂ ಕೆಳಗೆ ನುಸುಳಬೇಡಿ.

ವ್ಯಾನ್ ಇಳಿಸಿದ ಮೇಲೆ ಚಾಪೆ ಹಾಸಿ. ನಡುವಿನ ಉದ್ದ ತೊಲೆಗಳಿಂದ ಸಿಲ್ ಕಡೆಗೆ ಚಾಚಿದ ಅಡ್ಡಪಟ್ಟಿಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. ತುಕ್ಕು ತಡೆಯಲು ಕೆಳಗೆ ಬಳಿಯುವ ಕಪ್ಪು ಅಂಡರ್‌ಸೀಲ್ ದಪ್ಪಗೆ, ಹೊಸದಾಗಿ ಬಳಿದಿದ್ದರೆ ಅನುಮಾನ ಪಡಿ. ಮಾರುವ ತಿಂಗಳಲ್ಲೇ ಯಾರೂ ಸುಮ್ನೆ ಅದನ್ನು ಬಳಿಯುವುದಿಲ್ಲ. ತುಕ್ಕನ್ನು ಗಟ್ಟಿ ಲೋಹ ಮಾಡುತ್ತೇವೆ ಅನ್ನುವ ಡಬ್ಬಿ ದ್ರಾವಣಗಳನ್ನೂ ನಂಬಬೇಡಿ. ಮೇಲ್ಮೈಯ ತುಕ್ಕು ಸ್ವಲ್ಪ ದಿನ ತಡೆಯಬಹುದು, ತೂತು ಬಿದ್ದ ತಗಡಿಗೆ ವೆಲ್ಡಿಂಗ್ ಒಂದೇ ದಾರಿ.

ಇನ್ನು ಚಕ್ರದ ಕಮಾನು, ಮುಂದಿನ ಗಾಜಿನ ಕೆಳ ಅಂಚು, ಛಾವಣಿಯ ಸುತ್ತ ನೀರು ಹರಿಯುವ ಗಟರ್, ಡ್ರೈವರ್ ಕಾಲಡಿಯ ನೆಲ, ಎಂಜಿನ್ ಪಕ್ಕ ಬ್ಯಾಟರಿ ಕೂರುವ ತಟ್ಟೆ. ಎಲ್ಲ ಕಡೆ ಅಯಸ್ಕಾಂತ ಇಡಿ. ಹಿಡಿಯದಿದ್ದರೆ ಬಣ್ಣದ ಕೆಳಗೆ ತಗಡಿನ ಬದಲು ಮೆತ್ತಿದ ಫಿಲ್ಲರ್ ಪೇಸ್ಟ್ ಇದೆ.

ಈಗ ಇದನ್ನೆಲ್ಲ ದುಡ್ಡಿಗೆ ತಿರುಗಿಸಬೇಕು. ಬಹಳ ಜನ ತುಕ್ಕು ನೋಡುತ್ತಾರೆ, ಆದರೆ 'ಸ್ವಲ್ಪ ಇದೆ' ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ. ಪ್ರತಿಯೊಂದು ಜಾಗದ ಫೋಟೋ ತೆಗೆಯಿರಿ, ಹಳೇ ಫೋಕ್ಸ್‌ವ್ಯಾಗನ್ ಕೆಲಸ ಗೊತ್ತಿರುವ ವೆಲ್ಡರ್‌ಗೆ ಕಳಿಸಿ ಎಷ್ಟು ಗಂಟೆಯ ಕೆಲಸ ಅಂತ ಕೇಳಿ. ನಲವತ್ತು ಗಂಟೆ ಅಂದರೆ, ಗಂಟೆಗೆ 60 ಪೌಂಡಿನಂತೆ 2,400 ಪೌಂಡ್. ಶೇ 20ರ ವ್ಯಾಟ್ ಸೇರಿ 2,880. ತಗಡು, ಬಣ್ಣ ಬೇರೆ. ಬಂದ ಮೊತ್ತಕ್ಕೆ ಅರ್ಧದಷ್ಟು ಸೇರಿಸಿ, ಯಾಕೆಂದರೆ ಹೊರಪದರ ಕತ್ತರಿಸಿದ ಮೇಲೆ ಒಳಗಿನದೂ ಲೆಕ್ಕಕ್ಕೆ ಬರುತ್ತದೆ. ರಿಪೇರಿ ತಗಡಿನಲ್ಲಿ ಅಗ್ಗದ್ದಕ್ಕೆ ಹೋಗಬೇಡಿ. ತೆಳ್ಳಗಿರುತ್ತದೆ, ಅಳತೆಗೆ ಸರಿಯಾಗಿ ಕೂರುವುದಿಲ್ಲ, ಅದನ್ನು ಬಡಿದು ಕೂರಿಸುವ ಗಂಟೆಗಳಿಗೆ ನೀವೇ ದುಡ್ಡು ಕೊಡಬೇಕಾಗುತ್ತದೆ.

5. ಎಂಜಿನ್

ಜರ್ಮನ್ ಬೇ ವಿಂಡೋ ಎಂಜಿನ್ ಗಾಳಿಯಲ್ಲೇ ತಣಿಯುವಂಥದ್ದು, ರೇಡಿಯೇಟರ್ ಇಲ್ಲ. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಮಾರುವವರಿಗೆ ಹೇಳಿ, ತಣ್ಣಗಿರುವಾಗ ಹೇಗೆ ಹೊತ್ತಿಕೊಳ್ಳುತ್ತದೆ ನೋಡಬೇಕು. 1600 ಸಿಸಿ ಎಂಜಿನ್ನಾದರೆ, ಆಫ್ ಇರುವಾಗ ಕೆಳಗಿನ ದೊಡ್ಡ ಪುಲ್ಲಿ ಹಿಡಿದು ಒಳಗೆ ಹೊರಗೆ ಎಳೆದಾಡಿಸಿ. ಅಲ್ಲಿ 0.15 ಮಿಲಿಮೀಟರ್‌ಗಿಂತ ಜಾಸ್ತಿ ಆಟ ಇರಬಾರದು. ಕೈಗೆ ಕಟಕ್ ಕಟಕ್ ಅಂತ ಸಿಕ್ಕರೆ ಎಂಜಿನ್ ಬಿಚ್ಚಬೇಕು ಅಂತಲೇ ಅರ್ಥ, ಆ ಖರ್ಚನ್ನೂ ಬೆಲೆಯಿಂದ ಕಳೆಯಿರಿ.

ಪೆಟ್ರೋಲ್ ಪೈಪಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಎಂಜಿನ್ ಇರುವುದು ವ್ಯಾನಿನ ಹಿಂಭಾಗದಲ್ಲಿ, ಟ್ಯಾಂಕು ಅದರ ಪಕ್ಕದಲ್ಲೇ. ಹಳೇ ರಬ್ಬರ್ ಬಿರುಕು ಬಿಟ್ಟರೆ ಪೆಟ್ರೋಲ್ ಸೀದಾ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಹೀಗೆ ಸುಟ್ಟುಹೋದ ಕ್ಯಾಂಪರ್‌ಗಳು ಎಷ್ಟೋ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಕೊಂಡ ವಾರದಲ್ಲೇ ಎಲ್ಲ ಪೈಪು, ಕ್ಲಿಪ್ಪು ಹೊಸದು ಹಾಕಿಸಿ. ಇ5 ಸೂಪರ್ ಪೆಟ್ರೋಲನ್ನೇ ಹಾಕಿ. ಅಗ್ಗದ ಬಟ್ಟೆಹೆಣಿಗೆ ಪೈಪು ಬೇಡ, ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಕೈಗೆ ಸಿಗುವಂತಿರಲಿ.

6. ಒಳಗಿನ ಅಲಂಕಾರ

ಪರದೆ, ಮೆತ್ತೆ, ಕಪಾಟು, ಸ್ಟೋವ್‌ಗೆ ನನ್ನ ಲೆಕ್ಕದಲ್ಲಿ ಹೆಚ್ಚುವರಿ ಬೆಲೆ ಇಲ್ಲ. ಈ ವ್ಯಾನುಗಳ ಒಳಾಂಗಣ ಮಾಡುತ್ತಿದ್ದ ಜರ್ಮನ್ ಕಂಪನಿ ವೆಸ್ಟ್‌ಫಾಲಿಯಾದವರ ಮೂಲ ಪೀಠೋಪಕರಣ ಪೂರ್ತಿ ಇದ್ದರೆ ಮಾತ್ರ ಸ್ವಲ್ಪ ಜಾಸ್ತಿ ಕೊಡಬಹುದು.

7. ಬೆಲೆ ಹೇಳುವುದು

ಗಟ್ಟಿಯಾಗಿರುವ ಅದೇ ಮಾದರಿಯ ವ್ಯಾನುಗಳು ಎಷ್ಟಕ್ಕೆ ಮಾರಾಟವಾಗಿವೆ ಅಂತ ಹರಾಜಿನ ಫಲಿತಾಂಶಗಳಲ್ಲಿ ನೋಡಿ. ಜಾಹೀರಾತಿನ ಬೆಲೆ ಬರೀ ಕೇಳುವ ಬೆಲೆ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಆ ಮೊತ್ತದಿಂದ ವೆಲ್ಡಿಂಗ್, ಎಂಜಿನ್, ಟೈರ್ ಖರ್ಚು ಕಳೆಯಿರಿ. ಟೈರು ಹೊಳೆಯುತ್ತಿದ್ದರೂ ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ. 1412 ಅಂದರೆ 2012ರ ಹದಿನಾಲ್ಕನೇ ವಾರದ್ದು, ಅಷ್ಟು ಹಳೇದರ ಮೇಲೆ ಮಕ್ಕಳನ್ನು ಕೂರಿಸಬೇಡಿ. ಉಳಿದ ಸಂಖ್ಯೆಯೇ ನೀವು ಹೇಳಬೇಕಾದ ಬೆಲೆ. ಅದು ಮೊದಲ ಹಂತದಲ್ಲಿ ಎತ್ತಿಟ್ಟ ಮೇಲೆ ಉಳಿದ ದುಡ್ಡಿಗಿಂತ ಜಾಸ್ತಿಯಾದರೆ ಆ ವ್ಯಾನ್ ನಿಮಗಲ್ಲ.

ಫೋಟೋ, ವೆಲ್ಡರ್ ಕೊಟ್ಟ ಲೆಕ್ಕ ಎರಡನ್ನೂ ಮಾರುವವರ ಮುಂದಿಟ್ಟು ಮರ್ಯಾದೆಯಿಂದ ಮಾತಾಡಿ. ಎಷ್ಟೋ ಜನರಿಗೆ ತಮ್ಮ ವ್ಯಾನಿನ ಕೆಳಗೆ ಏನಿದೆ ಅಂತ ನಿಜಕ್ಕೂ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಒಪ್ಪದವರು ನವೆಂಬರ್‌ನಲ್ಲಿ, ಕೊಳ್ಳುವವರು ಕಡಿಮೆಯಾದಾಗ, ತಾವಾಗಿಯೇ ಫೋನ್ ಮಾಡುವುದುಂಟು. ಹಾಗಾಗಿ ನಂಬರ್ ಕೊಟ್ಟು ಬನ್ನಿ. ಕೊಂಡಾದ ಮೇಲೆ ಮಾಮೂಲಿ ವಿಮೆ ಬೇಡ. ವಾಹನದ ಮೌಲ್ಯ ಇಷ್ಟು ಅಂತ ಎರಡೂ ಕಡೆಯವರು ಮೊದಲೇ ಬರೆದು ಒಪ್ಪಿಕೊಳ್ಳುವ ಪಾಲಿಸಿ ಹಳೇ ವಾಹನಗಳಿಗೆ ಸಿಗುತ್ತದೆ, ಅದನ್ನೇ ಮಾಡಿಸಿ. ವೆಲ್ಡಿಂಗ್ ಮುಗಿದ ಮೇಲೆ ಬಿಲ್ಲುಗಳನ್ನು ಕಳಿಸಿ ಮೌಲ್ಯ ಹೆಚ್ಚಿಸಲು ಕೇಳಿ.