‘ಕಮಿಟಿ ಹ್ಯಾಸ್’ ಎನ್ನಬೇಕೋ, ‘ಕಮಿಟಿ ಹ್ಯಾವ್’ ಎನ್ನಬೇಕೋ?

ಮಂಡ್ಯದ ಕಡೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ತಿದ್ದಿಕೊಡಿ ಎಂದು ತಂದ ಇಂಗ್ಲಿಷ್ ಪತ್ರದ ಮೊದಲ ಸಾಲು ‘ದೀಸ್ ಕಮಿಟಿ ಹ್ಯಾವ್ ಡಿಸೈಡೆಡ್’ ಎಂದಿತ್ತು. ಅವರಿಗೆ ಅನುಮಾನವಿದ್ದದ್ದು ‘ಹ್ಯಾವ್’ ಮೇಲೆ, ತಪ್ಪಿದ್ದದ್ದು ‘ದೀಸ್’ನಲ್ಲಿ.

‘ಈ ಸಮಿತಿ’, ‘ಈ ಸಮಿತಿಗಳು’ ಎರಡಕ್ಕೂ ನಮಗೆ ಒಂದೇ ‘ಈ’ ಸಾಕಾಗುವುದರಿಂದ, ಇಂಗ್ಲಿಷ್ ಬರೆಯುವಾಗ ಯಾವುದನ್ನು ಹಾಕಬೇಕೆಂಬ ಗೊಂದಲ ಸಹಜ. ಸಮೂಹವಾಚಕದ (‘ಕಮಿಟಿ’ಯಂತೆ ಗುಂಪನ್ನು ಹೇಳುವ ನಾಮಪದದ) ಮೊದಲು ಬರುವ ಪದವನ್ನು ಆರಿಸುವಾಗ ಗುಂಪಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸದೆ, ನಾಮಪದದ ರೂಪವನ್ನಷ್ಟೇ ನೋಡಬೇಕು. ‘ಕಮಿಟಿ’ಗೆ ‘ದಿಸ್’, ‘ಈಚ್’, ‘ಎವ್ರಿ’. ‘ಕಮಿಟೀಸ್’ಗೆ ‘ದೀಸ್’, ‘ಮೆನಿ’.

ಕ್ರಿಯಾಪದದ ವಿಷಯದಲ್ಲಿ ಇಷ್ಟು ಬಿಗಿಯಿಲ್ಲ. ‘ಸಮಿತಿ ತೀರ್ಮಾನಿಸಿತು’ ಎನ್ನುವ ನಾವೇ, ಸದಸ್ಯರಲ್ಲಿ ಒಮ್ಮತ ಮೂಡದಿದ್ದಾಗ ‘ಸಮಿತಿಯವರು ಕಿತ್ತಾಡಿಕೊಂಡರು’ ಎನ್ನುತ್ತೇವೆ. ನಮ್ಮ ಈ ‘ಅವರು’ ಮಾಡುವ ಕೆಲಸವನ್ನು ಬ್ರಿಟಿಷ್ ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದವೇ ಮಾಡುತ್ತದೆ: ಒಟ್ಟು ಗುಂಪಾದರೆ ‘ದಿ ಕಮಿಟಿ ಹ್ಯಾಸ್’, ಒಳಗಿನ ವ್ಯಕ್ತಿಗಳಾದರೆ ‘ದಿ ಕಮಿಟಿ ಹ್ಯಾವ್’. ಆದ್ದರಿಂದ ‘ದಿಸ್ ಕಮಿಟಿ ಹ್ಯಾವ್’ ಎಂಬುದು ವಿಚಿತ್ರವಾಗಿ ಕೇಳಿಸಿದರೂ ಅಲ್ಲಿ ಸರಿಯೇ. ಅಮೆರಿಕದವರು ಸಾಮಾನ್ಯವಾಗಿ ಏಕವಚನಕ್ಕೇ ಅಂಟಿಕೊಳ್ಳುತ್ತಾರೆ. ಕಚೇರಿಯ ಪತ್ರಕ್ಕೆ ನನ್ನ ಮಟ್ಟಿಗೆ ಅದೇ ಕ್ಷೇಮ. ಯಾವುದನ್ನು ಹಿಡಿದರೂ ‘ಹ್ಯಾಸ್’ ಎಂದು ತೊಡಗಿ, ಅದೇ ವಾಕ್ಯದಲ್ಲಿ ‘ಇಟ್ಸ್’ ಬಿಟ್ಟು ‘ದೇರ್’ಗೆ ಜಾರಬಾರದು.

‘ಪೊಲೀಸ್’ ಮತ್ತು ‘ಕ್ಯಾಟಲ್’ಗೆ ಈ ಆಯ್ಕೆಯಿಲ್ಲ. ರೂಪದಲ್ಲಿ ಬಹುವಚನದ ಗುರುತು ಕಾಣದಿದ್ದರೂ ಇವು ಬಹುವಚನಗಳೇ: ‘ದಿ ಪೊಲೀಸ್ ಹ್ಯಾವ್ ಕಮ್’, ‘ದೀಸ್ ಕ್ಯಾಟಲ್ ಆರ್ ಗ್ರೇಜಿಂಗ್’. ಕಾರ್ಯದರ್ಶಿಯವರ ಪತ್ರದಲ್ಲಿ ‘ಒನ್ ಕ್ಯಾಟಲ್’ ಎಂದೂ ಇತ್ತು; ಸತ್ತದ್ದು ಹಸುವಾದ್ದರಿಂದ ‘ಒನ್ ಕೌ’ ಎಂದು ತಿದ್ದಿದೆ.

‘ಆಫ್’ ಬಂದಾಗ ಇನ್ನಷ್ಟು ಎಚ್ಚರ ಬೇಕು. ದಸರೆಗೆ ಮೈಸೂರಿಗೆ ಬರುವ ಗಜಪಡೆಯನ್ನು ಒಟ್ಟಾಗಿ ಹೇಳುವಾಗ ‘ದಿಸ್ ಗ್ರೂಪ್ ಆಫ್ ಎಲಿಫೆಂಟ್ಸ್ ಈಸ್’ ಎಂದು ಬರೆಯಬಹುದು, ಆದರೆ ‘ಎಲಿಫೆಂಟ್ಸ್’ ಕಂಡೊಡನೆ ‘ದೀಸ್ ಗ್ರೂಪ್’ ಎನ್ನಬಾರದು. ‘ನಂಬರ್’ನಲ್ಲಿ ಮಾತ್ರ ಅದರ ಮೊದಲು ಬರುವ ‘ಎ’ ಅಥವಾ ‘ದಿ’ ಎಂಬ ಪುಟ್ಟ ಪದವೇ ಎಲ್ಲವನ್ನೂ ನಿರ್ಧರಿಸುತ್ತದೆ: ಕಬ್ಬಿನ ಲಾರಿಗಳು ಹಲವು ನಿಂತಿದ್ದರೆ ‘ಎ ನಂಬರ್ ಆಫ್ ಲಾರೀಸ್ ಆರ್ ವೇಟಿಂಗ್’, ಅವುಗಳ ಸಂಖ್ಯೆ ಏರುತ್ತಿದ್ದರೆ ‘ದಿ ನಂಬರ್ ಆಫ್ ಲಾರೀಸ್ ಈಸ್ ರೈಸಿಂಗ್’.