ದುಭಾಷಿ ಕೊನೆಗೆ ಬರಲಿ: ಕಿವುಡರ ಅಹವಾಲು ಸಭೆ, ನನ್ನ ಅನುಭವ

ಕಿವುಡರ ಅಹವಾಲು ಸಭೆಗೆ ದುಭಾಷಿ ಕೊನೆಗೆ ಬರಲಿ ಎಂದು ಒಂದೆರಡು ವರ್ಷಗಳ ಹಿಂದೆ ಹೇಳಿದಾಗ ನಮ್ಮ ವೃತ್ತಿಯವರೇ, ಅಂದರೆ ಸನ್ನೆ ಭಾಷೆಯ ದುಭಾಷಿಗಳೇ, ನಕ್ಕಿದ್ದರು. ‘ದುಭಾಷಿ ಇಲ್ಲದೆ ಕಿವುಡರ ಸಭೆಯೇ?’ ಎಂದು ಚಿತ್ರದುರ್ಗದ ಹಿರಿಯರೊಬ್ಬರು ಎಲ್ಲರೆದುರು ಕೇಳಿದ್ದರು. ‘ದುಭಾಷಿ ಬೇಕು ಸಾರ್, ಆದರೆ ಕೊನೆಗೆ ಬೇಕು’ ಎಂದಿದ್ದೆ. ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಸಭೆಯ ನಡಾವಳಿಯಲ್ಲಿ ನಮ್ಮ ಕಿವುಡರ ಮೂವತ್ತಕ್ಕೂ ಹೆಚ್ಚು ಅಹವಾಲುಗಳು ದಾಖಲಾದವು. ಈಗ ನಕ್ಕವರೇ ಫೋನ್ ಮಾಡಿ ‘ಹೇಗೆ ಮಾಡಿದಿರಿ?’ ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ. ಸನ್ನೆ ಮಾಡುವವರ ಮೇಲೆ ಬೆಳಕು ಎಲ್ಲಿಂದ ಬೀಳಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ದುಭಾಷಿಗಳು ಏಕೆ ಬದಲಾಗಬೇಕು ಎಂಬುದು ಗೊತ್ತಿರುವವರಿಗೆ ಇದು.

ಮೊದಲ ಸಭೆಯ ಕಥೆ ಕೇಳಿ. ಯಾವ ಕಚೇರಿ ಎಂದು ಹೇಳುವುದಿಲ್ಲ. ಬೆಂಗಳೂರಿನಿಂದ ಇಬ್ಬರು ಒಳ್ಳೆಯ ದುಭಾಷಿಗಳನ್ನು ಕರೆಸಿದ್ದೆವು. ತಲಾ ನಾಲ್ಕು ಸಾವಿರ, ಬಸ್ಸು, ಲಾಡ್ಜು, ಪರದೆ, ಕುರ್ಚಿ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಕೈಬಿಟ್ಟಿತು. ಬಂದ ಕಿವುಡರು ಏಳೆಂಟು ಜನ. ಅವರಲ್ಲೂ ಅರ್ಧ ಜನ ಪಿಂಚಣಿ ಕೊಡುತ್ತಾರೆಂದು ಬಂದವರು. ಸಭೆಯ ಪ್ರಚಾರ ನಡೆದದ್ದು ಆಟೊಗೆ ಕಟ್ಟಿದ ಮೈಕಿನಲ್ಲಿ! ಮುಕ್ಕಾಲು ಗಂಟೆ ಒಳಚರಂಡಿ, ಕಂದಾಯ, ಎರಡನೇ ಹಂತದ ಕಾಮಗಾರಿ ಎಂದೆಲ್ಲ ವಿವರಣೆ ಆಯಿತು. ದುಭಾಷಿಗಳು ಒಂದಕ್ಷರ ಬಿಡದೆ ಕೈಗಿಳಿಸಿದರು. ‘ನಿಮ್ಮ ಅಭಿಪ್ರಾಯ?’ ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಮಾಸ್ತರು ‘ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಂಡರು.

ಆಮೇಲೆ ಸಲಹೆಗಳ ಸುರಿಮಳೆ. ಬರೆದು ಕೊಡಲಿ ಎಂದರು. ಬರೆಸಿದೆವು. ಕೆ.ಟಿ.ಜೆ. ನಗರದ ಒಬ್ಬ ತಾಯಿ ಬರೆದದ್ದು ಹೀಗಿತ್ತು: ‘ನೀರು ರಾತ್ರಿ ನಲ್ಲಿ. ನಾನು ನಿದ್ದೆ. ಗೊತ್ತು ಇಲ್ಲ.’ ನಮಗೆ ಅರ್ಥವಾಗುತ್ತದೆ. ನಮ್ಮ ನಿಮ್ಮ ಮನೆಯಲ್ಲಿ ರಾತ್ರಿ ನಲ್ಲಿ ತಿರುಗಿಸಿಟ್ಟು ಮಲಗುತ್ತೇವೆ, ಬಕೆಟ್ಟಿಗೆ ನೀರು ಬಿದ್ದ ಸದ್ದಿಗೆ ಎಚ್ಚರವಾಗುತ್ತದೆ. ಆಕೆಗೆ ಆಗುವುದಿಲ್ಲ. ಬೆಳಿಗ್ಗೆ ಎದ್ದರೆ ಬಚ್ಚಲು ತುಂಬಿ ಹರಿದು, ನೀರು ನಿಂತು ಹೋಗಿರುತ್ತದೆ. ಕೌಂಟರಿನಲ್ಲಿದ್ದವರು ಆ ಚೀಟಿ ಓದಿ ‘ಸರಿಯಾಗಿ ಬರೆಸಿಕೊಂಡು ಬನ್ನಿ’ ಎಂದು ವಾಪಸು ಕೊಟ್ಟರು. ಹುಟ್ಟಿನಿಂದ ಕೇಳದವರಿಗೆ ಬರಹದ ಕನ್ನಡ ಎರಡನೆಯ ಭಾಷೆ ಎಂಬುದನ್ನು ಕಿವಿ ಕೇಳುವವರ ತಲೆಗೆ ಹಾಕುವುದು ಒಳಚರಂಡಿ ಯೋಜನೆಗಿಂತ ದೊಡ್ಡ ಕಾಮಗಾರಿ.

ಇಷ್ಟಾದ ಮೇಲೆ ಕ್ರಮವನ್ನೇ ತಿರುಗಿಸಿದೆವು. ಮೊದಲು ಸಭೆಯ ನೋಟಿಸು, ಅದೂ ಸನ್ನೆ ವಿಡಿಯೊದಲ್ಲಿ. ಕ್ಯಾಮೆರಾ ಮುಂದೆ ಕಿವುಡರೇ ಇರಬೇಕು, ನಾನಲ್ಲ. ನಾನು ಮಾಡಿದ ವಿಡಿಯೊ ನೋಡಿ ‘ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಾರೆ. ತಮ್ಮವರೇ ಮಾಡಿದ್ದನ್ನು ನೋಡಿದರೆ ‘ನಾನೂ ಹೇಳುವುದಿದೆ’ ಎನ್ನುತ್ತಾರೆ. ಒಂದು ವಿಡಿಯೊಗೆ ಒಂದೇ ವಿಷಯ, ಎರಡು ನಿಮಿಷ ಮೀರಬಾರದು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಕುಗ್ಗಿ ಬೆರಳುಗಳು ಕಲಸಿಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳುಹಿಸಿ. ತಾಂತ್ರಿಕ ಪದಗಳಿಗೆ ದೆಹಲಿಯ ಸಂಜ್ಞಾ ಭಾಷಾ ಕೇಂದ್ರದ ಹತ್ತು ಸಾವಿರ ಪದಗಳ ನಿಘಂಟು ತೆರೆದು ಕುಳಿತೆವು. ಅಲ್ಲಿನ ಸನ್ನೆ ಸರಿಯಾಗಿದ್ದರೂ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರಿಗೆ ಅದು ತಲುಪಲಿಲ್ಲ. ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಬೆರಳಲ್ಲಿ ತೋರಿಸುವ ಬೆರಳು ಕಾಗುಣಿತವಂತೂ ಬೇಡವೇ ಬೇಡ. ‘ಒಳಚರಂಡಿ’ಗೆ ಮ್ಯಾನ್‌ಹೋಲ್ ಮುಚ್ಚಳ ಎತ್ತುವುದನ್ನೇ ತೋರಿಸಿದೆವು, ಮುಗಿಯಿತು.

ಎರಡನೆಯದು ನೆಲದ ನಕ್ಷೆ. ಇದು ನನ್ನದೇ ಯೋಚನೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಸಭೆಗೆ ಎರಡು ವಾರ ಮೊದಲು, ಒಂದು ಭಾನುವಾರ, ಹಳೇ ದಾವಣಗೆರೆಯ ಒಂದು ಸಮುದಾಯ ಭವನದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರು ಬರೆದೆವು. ನಡುವೆ ರೈಲು ಹಳಿ, ಅಶೋಕ ಟಾಕೀಸ್ ರೈಲ್ವೆ ಗೇಟು, ಗಡಿಯಾರ ಕಂಬ, ಹೈಸ್ಕೂಲ್ ಮೈದಾನ, ಅಂಚಿನಲ್ಲಿ ಕುಂದುವಾಡ ಕೆರೆ. ಎಲ್ಲರೂ ನಡೆದು ತಮ್ಮ ತಮ್ಮ ಬೀದಿಯಲ್ಲಿ ನಿಂತರು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರಿದ್ದರು. ಶಾಲೆಯ ಮುಖ ಕಂಡವರಲ್ಲ, ಮನೆಯವರೊಂದಿಗೆ ಬಳಸುವ ಸನ್ನೆ ಬಿಟ್ಟು ಬೇರೆ ಗೊತ್ತಿಲ್ಲ. ಅವರು ತಮ್ಮ ಓಣಿಯಲ್ಲಿ ನಿಂತು ಸ್ಟಿಯರಿಂಗ್ ತಿರುಗಿಸಿದರು, ಮೂಗು ಮುಚ್ಚಿಕೊಂಡರು, ಪಕ್ಕದ ಮನೆಯತ್ತ ಕೈ ಮಾಡಿ ಬಕೆಟ್ ಹಿಡಿದು ಓಡುವಂತೆ ಮಾಡಿದರು. ನಂತರ ಆ ಮನೆಗೆ ಬೀಗ ಹಾಕಿದಂತೆ ತೋರಿಸಿ, ತಮ್ಮ ಬಕೆಟ್ಟನ್ನು ಅಲ್ಲೇ ಕುಕ್ಕಿದರು. ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ಅವರಿಗೆ ಹಾಡು ಎಂದರೆ ಪಕ್ಕದ ಮನೆಯವರ ಓಟ. ಪಕ್ಕದವರು ಊರಿಗೆ ಹೋದರೆ ಇವರ ಮನೆಯಲ್ಲಿ ವಾರದ ಕಸ. ಇದನ್ನು ನೋಡಿದ್ದೇ ತಡ, ಹತ್ತಾರು ಕೈಗಳು ಒಟ್ಟಿಗೆ ಎದ್ದವು. ಗಾಡಿಯ ನೆತ್ತಿಗೆ ತಿರುಗುವ ಹಳದಿ ದೀಪ ಬೇಕೆಂಬ ಬೇಡಿಕೆ ಹುಟ್ಟಿದ್ದು ಅಲ್ಲೇ.

ಭಟ್ಟಿಯವರ ಮನೆಸನ್ನೆಯನ್ನು ನಮ್ಮ ಸನ್ನೆ ಭಾಷೆಗೆ ತಂದವರು ಸ್ವತಃ ಕಿವುಡರಾದ ಒಬ್ಬ ಅಕ್ಕ. ಅಕ್ಕನಿಂದ ನನಗೆ, ನನ್ನಿಂದ ಕನ್ನಡಕ್ಕೆ. ಅಂಥವರನ್ನು ಹೇಗೆ ಹುಡುಕಬೇಕು, ನಾನು ಏನು ಪರೀಕ್ಷೆ ಮಾಡಿ ಆರಿಸಿದೆ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಮುಂದಿನ ತಿಂಗಳು ಅಕ್ಕ ಹುಬ್ಬಳ್ಳಿಯಲ್ಲಿರುತ್ತಾರೆ. ಒಂದು ಮಾತು ಮಾತ್ರ: ನನಗೆ ಕೊಟ್ಟಷ್ಟೇ ಸಂಭಾವನೆ ಅವರಿಗೂ ಕೊಟ್ಟೆವು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಾತನ್ನು ಕನ್ನಡ ಅಕ್ಷರಕ್ಕೆ ಇಳಿಸುವ ಆ್ಯಪ್ ಹಾಕಿ ಪರದೆಗೆ ಬಿಟ್ಟೆ. ಮೈಕಿನ ಗುಂಯ್‌ಗುಡುವಿಕೆಗೆ ಅದು ಬರೆದದ್ದನ್ನು ಓದಿ ಅಧಿಕಾರಿಗಳೇ ನಕ್ಕರು. ಓದು ಬಲ್ಲ ನಾಲ್ಕೈದು ಯುವಕರಿಗೆ ಉಪಯೋಗವಾಯಿತು, ಹಾಗಾಗಿ ಪೂರ್ತಿ ಬಿಟ್ಟಿಲ್ಲ. ಬೆಂಗಳೂರಿನ ದುಭಾಷಿಯನ್ನು ವಿಡಿಯೊ ಕರೆಯಲ್ಲಿ ಕೂರಿಸಿದೆ, ಹಣ ಉಳಿಯಿತು, ಚಿತ್ರ ನಿಂತು ನಿಂತು ಬಂತು. ಕೆಂಪು-ಹಸಿರು ಚೀಟಿ ಎತ್ತಿಸಿ ಮತ ಕೇಳಿದೆ. ಎಲ್ಲರೂ ಸಂಘದ ಅಧ್ಯಕ್ಷರ ಕೈ ನೋಡಿ ಅದೇ ಬಣ್ಣ ಎತ್ತಿದರು!

ನೆಲದ ನಕ್ಷೆಯ ಭಾನುವಾರ ಹೇಳಿದ್ದನ್ನೆಲ್ಲ ಅಲ್ಲೇ ಚಿತ್ರೀಕರಿಸಿದೆವು. ಕಡು ಬಣ್ಣದ ಗೋಡೆಬಟ್ಟೆ, ಏಳುನೂರು ರೂಪಾಯಿಯ ರಿಂಗ್ ಲೈಟ್, ಮೊಣಕೈ ಚೌಕಟ್ಟಿನೊಳಗೆ. ಪ್ರತಿ ವಿಡಿಯೊಗೆ ಕನ್ನಡ ದನಿ ಕೊಟ್ಟು, ಅದೇ ಮಾತನ್ನು ಅರ್ಜಿಯಾಗಿ ಬರೆದು, ಎರಡಕ್ಕೂ ಒಂದೇ ಸಂಖ್ಯೆ ಹಾಕಿದೆವು. ವಿಡಿಯೊ ಸ್ವೀಕರಿಸಲು ಅವಕಾಶವಿಲ್ಲ ಎಂಬ ತಕರಾರು ಬಂತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ‘ಸಂವಹನ’ ಎಂದರೆ ಸನ್ನೆಯೂ ಸೇರಿದೆ ಎನ್ನುತ್ತದೆ, ಆ ಪುಟದ ಪ್ರತಿ ಜೇಬಿನಲ್ಲೇ ಇತ್ತು. ಸ್ವೀಕೃತಿ ಮೊಹರು ಬೀಳಲು ಅದರ ಜತೆಗೆ ಇನ್ನೊಂದು ಉಪಾಯವೂ ಬೇಕಾಯಿತು. ಅದು ನನ್ನಲ್ಲೇ ಇರಲಿ.

ಸಭೆಯ ದಿನ ಅರುವತ್ತರ ಹತ್ತಿರ ಕಿವುಡರು ಬಂದಿದ್ದರು. ನಾನು ಅಧಿಕಾರಿಗಳ ಪಕ್ಕ, ತುಸು ಹಿಂದೆ ಕುಳಿತೆ. ಎದುರಿಗೆ ನಿಂತರೆ ಅವರು ನನ್ನನ್ನೇ ನೋಡಿ ‘ಇವರಿಗೆ ಏನು ಬೇಕಂತೆ ಕೇಳಿ’ ಎನ್ನುತ್ತಾರೆ. ಪಕ್ಕದಲ್ಲಿದ್ದರೆ ಕಣ್ಣು ತಾನಾಗಿ ಹೇಳುವವರ ಕಡೆ ಹೋಗುತ್ತದೆ. ಪಕ್ಕದ ಕಲ್ಯಾಣ ಮಂಟಪದಲ್ಲಿ ಓಲಗ ಜೋರಾಗಿತ್ತು. ಅಧಿಕಾರಿಗಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ನಮ್ಮವರು ಆರಾಮವಾಗಿ ಚರ್ಚೆ ಮಾಡಿಕೊಂಡಿದ್ದರು. ನಲ್ಲಿ ನೀರಿನ ತಾಯಿ ಈ ಸಲ ಚೀಟಿ ಕೊಡಲಿಲ್ಲ, ಎದ್ದು ನಿಂತು ಕೈಯಲ್ಲೇ ಹೇಳಿದರು, ಮರುಪ್ರಶ್ನೆಗೂ ಉತ್ತರ ಕೊಟ್ಟರು.

ಒಟ್ಟು ಖರ್ಚು ಹನ್ನೊಂದು ಸಾವಿರ ಚಿಲ್ಲರೆ. ಅಕ್ಕನಿಗೆ, ನನಗೆ, ಇನ್ನೊಬ್ಬ ಸ್ಥಳೀಯ ದುಭಾಷಿಗೆ ತಲಾ ಎರಡೂವರೆ, ಪರದೆ ಬಾಡಿಗೆ ಒಂದೂವರೆ, ಉಳಿದದ್ದು ಚಹಾ, ಮಿರ್ಚಿ-ಮಂಡಕ್ಕಿ, ಆಟೊ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ಮೀಸಲಿಡುವ ಶೇ 5ರ ಅನುದಾನದಲ್ಲಿ ದುಭಾಷಿ ವೆಚ್ಚ ಸೇರಿಸಿ ಎಂದು ಅರ್ಜಿ ಹಾಕಿ. ತ್ರಿಚಕ್ರ ವಾಹನ, ಹೊಲಿಗೆ ಯಂತ್ರ ಬಿಟ್ಟು ಬೇರೆ ಹೊಳೆಯದವರಿಗೆ ಹೊಳೆಯಿಸಬೇಕು.

ಲಿಖಿತ ಉತ್ತರ ಬಂದದ್ದು ಸುಮಾರು ಎರಡು ತಿಂಗಳಿಗೆ. ಅದನ್ನೂ ಸನ್ನೆ ವಿಡಿಯೊ ಮಾಡಿ ಕಳುಹಿಸಿದೆವು. ಇದನ್ನು ತಪ್ಪಿಸಿದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ. ಕೆಲವು ಗಾಡಿಗಳಿಗೆ ಪ್ರಾಯೋಗಿಕವಾಗಿ ದೀಪ ಬಂದಿದೆ. ನೀರುಗಂಟಿಯವರು ವಾಲ್ವ್ ತಿರುಗಿಸುವ ಮೊದಲು ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಹಾಕುತ್ತಾರೆ, ಮೊಬೈಲನ್ನು ಕಂಪನಕ್ಕಿಟ್ಟು ದಿಂಬಿನಡಿ ಇಟ್ಟುಕೊಂಡರೆ ಸಾಕು. ಅಶೋಕ ಟಾಕೀಸ್ ಗೇಟಿನ ಅಹವಾಲು ರೈಲ್ವೆಗೆ ಸೇರಿದ್ದೆಂದು ವಾಪಸು ಬಂದಿದೆ, ಅಲ್ಲಿಗೂ ಅದೇ ವಿಡಿಯೊ ಕಳುಹಿಸಿದ್ದೇವೆ. ಚಿತ್ರದುರ್ಗದವರು ನೋಟಿಸಿನ ವಿಡಿಯೊ ಕೇಳಿದ್ದಾರೆ. ಮಾದರಿಗೆ ಕೊಡುತ್ತೇನೆ, ಆದರೆ ನಿಮ್ಮ ಊರಿನ ಕಿವುಡರನ್ನೇ ನಿಲ್ಲಿಸಿ ಹೊಸದಾಗಿ ತೆಗೆಯಿರಿ. ಪರದೆ ಬೇಕಾದರೆ ಬಾಡಿಗೆ ಮುಂಗಡ ಕೊಟ್ಟು ಒಯ್ಯಿರಿ, ನಮ್ಮ ಬಿಲ್ಲೇ ಇನ್ನೂ ಪಾಸಾಗಿಲ್ಲ.